ಗಲಭೆಗೆ ಸಿಕ್ಕ ಅಂಗಡಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಹೇಗಿದೆ?

ಕೋಮುಗಲಭೆಯಲ್ಲಿ ಜೀವ ಹೋದರೆ ಕೇಂದ್ರದ ಯೋಜನೆಯಲ್ಲಿ 5 ಲಕ್ಷ ರೂ. ಇದೆ, ಒಡೆದ ಷಟರಿಗೆ ಅಲ್ಲಿ ಕಾಸಿಲ್ಲ. ಮಂಗಳೂರಿನ ಬಂದರು, ಸುರತ್ಕಲ್ ಕಡೆಯ ಸಣ್ಣ ಅಂಗಡಿಗಳಿಗೆ 2021ರ ಏಪ್ರಿಲ್‌ನಲ್ಲಿ ಬಂದ ಈ ವಿಮಾ ಪಾಲಿಸಿ ಒಳ್ಳೆಯದೇ. ಒಂದು ಜಾಗದಲ್ಲಿ ಒಟ್ಟು 5 ಕೋಟಿ ರೂ.ವರೆಗಿನ ಆಸ್ತಿಗೆ ಸಿಗುತ್ತದೆ, ಗಲಭೆ ಮೂಲ ಪಾಲಿಸಿಯಲ್ಲೇ ಸೇರಿದೆ. ಗಲಾಟೆಯಿಂದಾಗಿ 7 ದಿನದೊಳಗೆ ನಡೆದ ಕಳವಿಗೂ ರಕ್ಷಣೆ ಉಂಟು.

ಎಡವಟ್ಟಾಗುವುದು ವಿಮೆ ಬರೆಸುವ ಮೊತ್ತದಲ್ಲಿ. ಪ್ರೀಮಿಯಂ ಉಳಿಸಲು ಹೋಗಿ 20 ಲಕ್ಷದ ಸರಕಿಗೆ 10 ಲಕ್ಷ ಬರೆಸಿದರೆ, 4 ಲಕ್ಷದ ಮಾಲು ಸುಟ್ಟಾಗ ಅದೇ ಅರ್ಧದ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುವುದು 2 ಲಕ್ಷವೇ, ಅದರಲ್ಲೂ ಎಕ್ಸೆಸ್ (ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಪಾಲು) ಕಡಿತ. ಶೇ. 15ರವರೆಗಿನ ಕೊರತೆಗೆ ಮಾತ್ರ ಮಾಫಿ. ಕರ್ಫ್ಯೂಗೆ ಬಾಗಿಲು ಹಾಕಿದ ದಿನಗಳ ವ್ಯಾಪಾರ ನಷ್ಟಕ್ಕೆ ಏನೂ ಇಲ್ಲ.

ನಷ್ಟ ಅಂದಾಜಿಸುವ ಸರ್ವೇಯರ್ ನೋಡುವವರೆಗೆ ಗಾಜು ಗುಡಿಸಬೇಡಿ. ಎಫ್‌ಐಆರ್ ಪ್ರತಿ, ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು ಕೇಳುತ್ತಾರೆ. ಬಿಲ್ಲೆಲ್ಲ ಗಲ್ಲಾಪೆಟ್ಟಿಗೆಯಲ್ಲೇ ಇದ್ದರೆ ಸರಕಿನ ಜೊತೆ ಅವೂ ಬೂದಿ. ಮೊಬೈಲಿನಲ್ಲೊಂದು ಪ್ರತಿ ಇರಲಿ.