ಎರಡು ಕಿಲೋ ಎಬಿಸಿ ಅಗ್ನಿಶಾಮಕ ಸಿಲಿಂಡರ್: ಪೆಟ್ರೋಲ್ ಇಡುವ ಮನೆಗೆ ಇದು ಸಾಕೇ?

ತೊಗರಿಗೆ ಔಷಧ ಹೊಡೆಯುವ ಕಾಲ ಬಂತೆಂದರೆ ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ ಪವರ್ ಸ್ಪ್ರೇಯರ್‌ಗೆಂದು ತಂದ ಪೆಟ್ರೋಲು ನೀರಿನ ಬಾಟಲಿಗಳಲ್ಲಿಯೂ ಹಳೆಯ ಪ್ಲಾಸ್ಟಿಕ್ ಕ್ಯಾನುಗಳಲ್ಲಿಯೂ ಮನೆಯೊಳಗೆ ಬಂದು ಕೂರುತ್ತದೆ. ನಮ್ಮ ಮನೆಯಲ್ಲಿಯೂ ಸ್ಪ್ರೇಯರ್ ಇರುವುದರಿಂದ ಕಲಬುರಗಿಯ ಅಂಗಡಿಯೊಂದರಲ್ಲಿ ಎರಡು ಕಿಲೋ ಪುಡಿ ತುಂಬಿದ ಎಬಿಸಿ, ಅಂದರೆ ಕಟ್ಟಿಗೆ-ಬಟ್ಟೆ, ಎಣ್ಣೆ-ಪೆಟ್ರೋಲು, ಗ್ಯಾಸ್ ಈ ಮೂರೂ ಬಗೆಯ ಬೆಂಕಿಗೆ ಆಗುವ, ಅಗ್ನಿಶಾಮಕ ಸಿಲಿಂಡರನ್ನು ಕೊಂಡೆವು. ವಸ್ತು ಚೆನ್ನಾಗಿದೆ. ಆದರೆ ಪೆಟ್ರೋಲಿನ ಬೆಂಕಿಯ ವೇಗವನ್ನು ಅರಿಯದೆ ಇದನ್ನು ನಂಬಿ ಕೂರುವುದು ಅಪಾಯಕರ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಸೀಮೆಎಣ್ಣೆಯ ಆವಿಗೆ ಕಿಡಿ ತಗಲಿ ಹೊತ್ತಿಕೊಳ್ಳಬೇಕಾದರೆ ಎಣ್ಣೆ ಕನಿಷ್ಠ 35 ಡಿಗ್ರಿಯಷ್ಟಾದರೂ ಬಿಸಿಯಾಗಿರಬೇಕು. ಪೆಟ್ರೋಲಿನ ಆವಿಯಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲದು. ಹೀಗಿರುವಾಗ ನಮ್ಮ ಬೇಸಿಗೆಯಲ್ಲಿ ಮುಚ್ಚಳ ಸಡಿಲವಾದ ಬಾಟಲಿಯಿಂದ ಆವಿ ಎಷ್ಟು ಬೇಗ ಹೊರಬೀಳುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರದೆ ಶಹಾಬಾದ್ ಕಲ್ಲಿನ ನೆಲದ ಗುಂಟ ಹರಿದು ಪಕ್ಕದ ಕೋಣೆಯನ್ನು ಸೇರುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಬೆರೆತರೂ ಸಾಕು, ದೇವರ ದೀಪವೋ ಗ್ಯಾಸ್ ಒಲೆಯೋ ಫ್ರಿಜ್ಜಿನೊಳಗಿನ ಕಿಡಿಯೋ ತಗಲಿದೊಡನೆ ಜ್ವಾಲೆ ಬಂದ ದಾರಿಯಲ್ಲಿಯೇ ಹಿಂದಿರುಗಿ ಬಾಟಲಿಯನ್ನು ಮುಟ್ಟುತ್ತದೆ. ಕಲ್ಲಿನ ಮನೆ ಸುಡುವುದಿಲ್ಲವೆಂಬ ಮಾತು ನಮ್ಮ ಕಡೆ ಇದೆ. ಗೋಡೆ ಸುಡದಿರಬಹುದು, ಫೋಮ್ ಹಾಸಿಗೆ, ಸೋಫಾ, ಪರದೆಗಳು ಸುಡುತ್ತವೆ. ಸುರಕ್ಷತೆಯ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆಯ ಪ್ರಯೋಗದಲ್ಲಿ, ಪೆಟ್ರೋಲಿನ ಸೋಂಕೂ ಇಲ್ಲದೆ ಬರಿಯ ಮೇಣದಬತ್ತಿಯಿಂದ ಹೊತ್ತಿಸಿದಾಗ, ಇಂದಿನ ಪೀಠೋಪಕರಣಗಳಿದ್ದ ಕೋಣೆ ಐದು ನಿಮಿಷದೊಳಗೆ ಇಡಿಯಾಗಿ ಉರಿಯತೊಡಗಿತು. ಹಳೆಯ ಕಾಲದ ಸಾಮಾನಿದ್ದ ಕೋಣೆಗೆ ಸುಮಾರು ಅರ್ಧ ಗಂಟೆ ಬೇಕಾಯಿತು.

ಸಿಲಿಂಡರಿನ ಒಳ್ಳೆಯ ಗುಣಗಳು ಹಲವು. ಐಎಸ್ 15683 ಎಂಬ ಮಾನಕದ ಗುರುತು ಸ್ಪಷ್ಟವಾಗಿದೆ, ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿಯೇ ನಿಂತಿದೆ, ವಯಸ್ಸಾದ ನಮ್ಮ ಅತ್ತೆಯವರೂ ಎತ್ತಿ ಹಿಡಿಯಬಲ್ಲಷ್ಟು ಹಗುರವಾಗಿದೆ. ಪೆಟ್ರೋಲು ನೀರಿನ ಮೇಲೆ ತೇಲುವುದರಿಂದ ಕೊಡದ ನೀರು ಸುರಿದರೆ ಬೆಂಕಿ ಇನ್ನಷ್ಟು ಹರಡುತ್ತದೆ. ಈ ಪುಡಿ ಹಾಗೆ ಮಾಡದೆ ಜ್ವಾಲೆಯನ್ನು ಕ್ಷಣದಲ್ಲಿ ಮುರಿಯುತ್ತದೆ. ಆದರೆ ಎರಡು ಕಿಲೋ ಪುಡಿ ಮುಗಿಯಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಪುಡಿ ತಂಪು ಮಾಡುವುದಿಲ್ಲವಾದ್ದರಿಂದ ನೆಲದಲ್ಲಿ ಪೆಟ್ರೋಲು ಉಳಿದಿದ್ದು ಬಿಸಿ ಲೋಹವೋ ಕೆಂಡವೋ ಹತ್ತಿರವಿದ್ದರೆ ಆರಿದ ಬೆಂಕಿ ಮತ್ತೆ ಏಳುತ್ತದೆ. ತೀರ ಹತ್ತಿರದಿಂದ ಒತ್ತಿದರೆ ಉರಿಯುವ ಪೆಟ್ರೋಲೇ ಸಿಡಿದು ಚದರುತ್ತದೆ. ಆದ್ದರಿಂದ ಬಾಗಿಲನ್ನು ಬೆನ್ನ ಹಿಂದಿಟ್ಟುಕೊಂಡು, ದೂರ ನಿಂತು, ಬೆಂಕಿಯ ಬುಡಕ್ಕೆ ಅತ್ತಿಂದಿತ್ತ ಆಡಿಸುತ್ತ ಹೊಡೆಯಬೇಕು.

ಅಂಗಡಿಯವರು ಪಿನ್ ತೆಗೆಯುವುದನ್ನು ತಾಳ್ಮೆಯಿಂದ ತೋರಿಸಿಕೊಟ್ಟರು, ಅಡುಗೆಮನೆಯೊಳಗಲ್ಲ, ಹೊರಬಾಗಿಲ ಬಳಿ ತೂಗುಹಾಕಿ ಎಂದೂ ಹೇಳಿದರು. ಅದು ಸರಿಯಾದ ಸಲಹೆ. ಆದರೆ ಬಳಕೆಯ ಸೂಚನೆ ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಕೈ ನಡುಗುವ ಹೊತ್ತಿನಲ್ಲಿ ಇಂಗ್ಲಿಷ್ ಓದುತ್ತ ನಿಲ್ಲಲು ಯಾರಿಗೂ ಆಗದು.

ಬೈಕು ಮತ್ತು ಗ್ಯಾಸ್ ಒಲೆ ಮಾತ್ರ ಇರುವ ಮನೆಗೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ಸ್ಪ್ರೇಯರ್, ಜನರೇಟರ್ ಇದ್ದವರು ನಾಲ್ಕು ಕಿಲೋದ ಸಿಲಿಂಡರನ್ನೇ ತೆಗೆದುಕೊಳ್ಳಲಿ, ಪೆಟ್ರೋಲನ್ನು ಮನೆಯಿಂದ ಹೊರಗೆ, ನೆರಳಿನಲ್ಲಿ, ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿಡಲಿ. 1934ರ ಪೆಟ್ರೋಲಿಯಂ ಕಾಯ್ದೆ ಸ್ವಂತ ಬಳಕೆಗೆ ಪರವಾನಗಿಯಿಲ್ಲದೆ ಒಟ್ಟು 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಬಿಡುತ್ತದೆಯಾದರೂ ಅದು ಹೆಸರಿಸುವ ಪಾತ್ರೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಯಿಲ್ಲ. ಬೆಂಕಿ ಬಾಗಿಲಿನತ್ತ ತಿರುಗಿದರೆ ಸಿಲಿಂಡರನ್ನು ಅಲ್ಲಿಯೇ ಬಿಟ್ಟು ಎಲ್ಲರನ್ನೂ ಹೊರಗೆ ಕರೆತಂದು 101 ಅಥವಾ 112ಕ್ಕೆ ಕರೆ ಮಾಡಬೇಕು.