ಅರ್ಲಿ ರಿಲೀಸ್ ಲೇಬಲ್ ನೋಡಿ ಬೆಳ್ಳಿ ನಾಣ್ಯಕ್ಕೆ ನಾಲ್ಕು ಪಟ್ಟು ದುಡ್ಡು ಕೊಡಬೇಡಿ

ಹೋದ ವಾರ ಬೆಂಗಳೂರಿನಿಂದ ಅಕ್ಕನ ಮಗ ಒಂದು ಫೋಟೋ ಕಳಿಸಿದ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಮೆರಿಕದ ಬೆಳ್ಳಿ ನಾಣ್ಯ, ಮೇಲ್ಗಡೆ ಚಂದದ ಲೇಬಲ್, ಅದರಲ್ಲಿ “ಎಂಎಸ್70, ಅರ್ಲಿ ರಿಲೀಸಸ್” ಅಂತ ಇತ್ತು. ಎಂಎಸ್70 ಅಂದರೆ ನಾಣ್ಯದ ಸ್ಥಿತಿಗೆ ಸಿಗುವ ಪೂರ್ತಿ ಅಂಕ, ಅರ್ಲಿ ರಿಲೀಸಸ್ ಅಂದರೆ ಶುರುವಿನಲ್ಲೇ ಬಿಡುಗಡೆಯಾದವು. “ಚಿಕ್ಕಮ್ಮ, ಫ್ರೆಂಡ್ ಅಲ್ಲಿಂದ ಬರ್ತಿದ್ದಾನೆ, ಐದು ತರಿಸ್ಲಾ? ಮೊದಲ ಬ್ಯಾಚಿನ ನಾಣ್ಯವಂತೆ, ಮುಂದೆ ರೇಟು ಏರುತ್ತಂತೆ” ಅಂತ ಕೇಳಿದ. 2013ರಲ್ಲಿ ನಾನು ನಂಬಿದ್ದೂ ಇದೇ ಮಾತನ್ನ. ಫೋನಲ್ಲಿ ಅವನಿಗೆ ಪೂರ್ತಿ ಹೇಳೋಕೆ ಮುಕ್ಕಾಲು ಗಂಟೆ ಹಿಡೀತು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳು ಹುಟ್ಟಿದ್ದು 2013ರ ಜನವರಿಯಲ್ಲಿ, ಟೆಕ್ಸಸ್‌ನಲ್ಲಿ. ಶಿವಮೊಗ್ಗದಿಂದ ಅಮ್ಮ ಬಾಣಂತನಕ್ಕೆ ಬಂದಿದ್ದರು. ಬರುವಾಗಲೇ ಬೆಳ್ಳಿ ಒಳಲೆ, ಉಡುದಾರ ಎಲ್ಲ ತಂದಿದ್ದರು. “ನೀನೂ ಮಗೂ ಹೆಸರಲ್ಲಿ ಒಂದಿಷ್ಟು ಬೆಳ್ಳಿ ತೆಗೆದಿಡು” ಅಂದರು. ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ ಕೂತಾಗ ಟಿವಿಯಲ್ಲಿ ನಾಣ್ಯ ಮಾರುವ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಆ ವರ್ಷದ ಅಮೆರಿಕನ್ ಸಿಲ್ವರ್ ಈಗಲ್, ಅಂದರೆ ಅಲ್ಲಿನ ಸರ್ಕಾರಿ ಟಂಕಸಾಲೆ ಒತ್ತುವ ಒಂದು ಔನ್ಸಿನ ಬೆಳ್ಳಿ ನಾಣ್ಯ, ತೋರಿಸುತ್ತಿದ್ದರು. ಮಗಳು ಹುಟ್ಟಿದ ವರ್ಷ, ಹುಟ್ಟಿದ ತಿಂಗಳಲ್ಲೇ ಬಿಡುಗಡೆಯಾದ ನಾಣ್ಯ, ಅದರಲ್ಲೂ “ಮೊಟ್ಟಮೊದಲು ಹೊರಬಂದವು”. ಮನಸ್ಸಿಗೆ ತುಂಬಾ ಹಿಡಿಸಿತು. ಒಂದಕ್ಕೆ 139 ಡಾಲರ್, ಹತ್ತಕ್ಕೆ 1,390. ಕಾರ್ಡ್ ನಂಬರ್ ಕೊಟ್ಟೆ.

ಆಗ ಬೆಳ್ಳಿ ಔನ್ಸಿಗೆ ಹೆಚ್ಚುಕಡಿಮೆ 30 ಡಾಲರ್ ಇತ್ತು. ಅದೇ ನಾಣ್ಯ, ಡಬ್ಬಿ ಇಲ್ಲದೆ, ಲೇಬಲ್ ಇಲ್ಲದೆ, ಮನೆ ಹತ್ತಿರದ ಅಂಗಡಿಯಲ್ಲಿ ಸುಮಾರು 35 ಡಾಲರಿಗೆ ಸಿಗುತ್ತಿತ್ತು. ಈ ಒಂದು ವಿಷಯ ನಾನು ಆಗ ವಿಚಾರಿಸಲಿಲ್ಲ.

ಮುಂದಿನ ತಿಂಗಳು ಕೇಳದೇ ಇನ್ನೊಂದು ಪಾರ್ಸೆಲ್ ಬಂತು, ಕಾರ್ಡಿನಿಂದ ದುಡ್ಡೂ ಹೋಗಿತ್ತು. ಆರ್ಡರ್ ತಗೊಳ್ಳುವಾಗ “ಕ್ಲಬ್ಬಿಗೆ ಸೇರಿಸುತ್ತೇವೆ” ಅಂತ ಆ ಹುಡುಗಿ ಹೇಳಿದ್ದಳು. ಅದರ ಅರ್ಥ ಪ್ರತಿ ತಿಂಗಳೂ ಹೊಸ ನಾಣ್ಯ ಕಳಿಸುತ್ತಾರೆ ಅಂತ ನನಗೆ ಹೊಳೆದಿರಲಿಲ್ಲ. ವಾಪಸ್ ಕಳಿಸಿ, ಮೂರು ಸಲ ಫೋನ್ ಮಾಡಿ ನಿಲ್ಲಿಸಬೇಕಾಯಿತು. ವಾಪಸ್ಸಿನ ಕೊರಿಯರ್ ಖರ್ಚು ನನ್ನದೇ. ಇಂಥ ಕಡೆ ಏನೇ ಕೊಂಡರೂ ಮುಂದಿನ ತಿಂಗಳ ಕಾರ್ಡ್ ಬಿಲ್ ನೋಡೋದು ಮರೀಬೇಡಿ.

ಆಮೇಲೆ ಹತ್ತು ವರ್ಷ ಆ ನಾಣ್ಯಗಳು ಬೀರುವಿನಲ್ಲಿ ಭದ್ರವಾಗಿದ್ದವು. 2023ರಲ್ಲಿ ಮಗಳಿಗೆ ಒಳ್ಳೆ ಪಿಟೀಲು ಕೊಡಿಸಬೇಕಿತ್ತು. ಅವಳ ಹೆಸರಿನ ದುಡ್ಡು ಅವಳಿಗೇ ಆಗಲಿ ಅಂತ ಹತ್ತೂ ನಾಣ್ಯ ತಗೊಂಡು ಊರಿನ ಹಳೇ ನಾಣ್ಯದಂಗಡಿಗೆ ಹೋದೆ. ಅಂಗಡಿಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಒಂದೊಂದೇ ಡಬ್ಬಿ ಎತ್ತಿ, ದೀಪದ ಕೆಳಗೆ ಓರೆ ಮಾಡಿ, ಭೂತಗನ್ನಡಿ ಹಿಡಿದು ನೋಡಿದರು. ನಾಲ್ಕನೆಯದರಲ್ಲಿ ನಿಲ್ಲಿಸಿ ನನಗೂ ತೋರಿಸಿದರು. ನಡೆದು ಬರುವ ಆ ಹೆಣ್ಣಿನ ಚಿತ್ರದ ಪಕ್ಕ, ಸೂರ್ಯನ ಕಿರಣದ ಹತ್ತಿರ, ಸುಣ್ಣದ ನೀರು ಸಿಡಿದಂತೆ ಒಂದು ಬಿಳೀ ಚುಕ್ಕೆ. ಒರೆಸಲು ಹೋದೆ. ಚುಕ್ಕೆ ಇದ್ದದ್ದು ಡಬ್ಬಿಯ ಒಳಗೆ, ಬೆಳ್ಳಿಯ ಮೇಲೆ. ಇದಕ್ಕೆ ಮಿಲ್ಕ್ ಸ್ಪಾಟ್ ಅಂತಾರೆ. ಈಗಿನ ಬೆಳ್ಳಿ ನಾಣ್ಯಗಳಿಗೆ ತುಂಬಾ ಸಾಮಾನ್ಯವಾದ ಕಾಯಿಲೆ ಇದು. ಗ್ರೇಡ್ ಕೊಟ್ಟು ಸೀಲ್ ಮಾಡಿದ ಎಷ್ಟೋ ಕಾಲದ ಮೇಲೂ ಕಾಣಿಸಿಕೊಳ್ಳುತ್ತದೆ. ಲೇಬಲ್ ಮೇಲೆ 70 ಅಂತಲೇ ಇರುತ್ತದೆ, ಕೊಳ್ಳುವವರು ಮಾತ್ರ ಹಿಂದೆ ಸರಿಯುತ್ತಾರೆ.

ಒಂಬತ್ತಕ್ಕೆ ತಲಾ 40 ಡಾಲರ್, ಚುಕ್ಕೆ ಇರೋದಕ್ಕೆ ಬೆಳ್ಳಿಯ ಬೆಲೆ 24 ಅಂದರು. ಒಟ್ಟು 384. “ಅರ್ಲಿ ರಿಲೀಸಸ್‌ಗೆ ಎಷ್ಟು ಸೇರಿಸಿದ್ದೀರಿ?” ಅಂತ ಕೇಳಿದೆ. ಅವರು ಏನೂ ಹೇಳದೆ ಒಳಗಿಂದ ಇನ್ನೊಂದು 2013ರ ನಾಣ್ಯ ತಂದರು. ಅದೇ ಗ್ರೇಡು, ಸಾದಾ ಲೇಬಲ್. ಎರಡನ್ನೂ ಪಕ್ಕಪಕ್ಕ ಇಟ್ಟು, ಲೇಬಲ್‌ಗಳ ಮೇಲೆ ಎರಡು ಹೆಬ್ಬೆರಳು ಒತ್ತಿ ಮುಚ್ಚಿ, “ಈಗ ಹೇಳಿ, ಮೊದಲು ಬಂದಿದ್ದು ಯಾವುದು?” ಅಂದರು. ನಾನು ನೋಡಿದೆ, ನೋಡಿದೆ. ಹೇಳೋಕೆ ಆಗಲಿಲ್ಲ. “ನನಗೂ ಆಗಲ್ಲ. ಅದಕ್ಕೇ ನಾನು ಅದಕ್ಕೆ ದುಡ್ಡು ಕೊಡಲ್ಲ” ಅಂದರು.

ಅವತ್ತು ಮನೆಗೆ ಬಂದು ಓದಲು ಕೂತೆ. ಕೊಳ್ಳುವ ಮೊದಲೇ ಓದಬೇಕಿದ್ದ ವಿಷಯಗಳವು.

ಈ ಲೇಬಲ್‌ಗಳನ್ನು ಕೊಡುವ ದೊಡ್ಡ ಗ್ರೇಡಿಂಗ್ ಕಂಪನಿಗಳು ಎರಡು: ಪಿಸಿಜಿಎಸ್ ಮತ್ತು ಎನ್‌ಜಿಸಿ. ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಈ ಡಬ್ಬಿಗೆ ಸ್ಲ್ಯಾಬ್ ಅಂತಾರೆ. ಹಳೇ ನಾಣ್ಯಗಳ ವಿಷಯದಲ್ಲಿ ಇದು ನಿಜಕ್ಕೂ ದೊಡ್ಡ ಉಪಕಾರ, ಯಾಕೆಂದರೆ ಅಸಲಿಯೋ ನಕಲಿಯೋ, ಉಜ್ಜಿ ತೊಳೆದದ್ದೋ ಅಲ್ಲವೋ ಅಂತ ನಮ್ಮಂಥವರಿಗೆ ಗೊತ್ತಾಗಲ್ಲ. ಹೊಸ ನಾಣ್ಯಗಳಿಗೆ ಇದರ ಜೊತೆ ಇನ್ನೊಂದು ಸಾಲು ಸೇರಿಸುತ್ತಾರೆ. ಪಿಸಿಜಿಎಸ್ ಅದನ್ನು ಫಸ್ಟ್ ಸ್ಟ್ರೈಕ್ ಅನ್ನುತ್ತದೆ. ಎನ್‌ಜಿಸಿ ಅರ್ಲಿ ರಿಲೀಸಸ್ ಅಥವಾ ಫಸ್ಟ್ ರಿಲೀಸಸ್ ಅನ್ನುತ್ತದೆ. ಎನ್‌ಜಿಸಿಯ ಆ ಎರಡೂ ಹೆಸರಿಗೆ ನಿಯಮ ಒಂದೇ, ಯಾವುದು ಬೇಕೋ ಕಳಿಸಿದವರು ಆರಿಸಿಕೊಳ್ಳುತ್ತಾರೆ. ನಿಯಮ ಏನಪ್ಪಾ ಅಂದರೆ, ನಾಣ್ಯ ಬಿಡುಗಡೆಯಾದ ಮೊದಲ 30 ದಿನದೊಳಗೆ ಕಂಪನಿಗೋ ಅದು ಒಪ್ಪಿದ ಗೋದಾಮಿಗೋ ತಲುಪಿರಬೇಕು. ಅಷ್ಟೇ. ಕಂಪನಿಗಳು ಇದನ್ನು ಬಚ್ಚಿಟ್ಟಿಲ್ಲ, ಯಾರು ಬೇಕಾದರೂ ಓದಬಹುದು. ಟಿವಿಯಲ್ಲಿ ಮಾರುವಾತ ಮಾತ್ರ “ಅಚ್ಚು ಹೊಸದಾಗಿದ್ದಾಗ ಒತ್ತಿದ ಮೊದಲ ನಾಣ್ಯಗಳು, ಅದಕ್ಕೇ ಇಷ್ಟು ಚೂಪು” ಅಂತ ಹೇಳಿದ್ದ. ಆ ಮಾತು ಲೇಬಲ್‌ನಲ್ಲೂ ಇಲ್ಲ, ನಿಯಮದಲ್ಲೂ ಇಲ್ಲ.

ಟಂಕಸಾಲೆಯಲ್ಲಿ ಕೆಲಸ ನಡೆಯುವ ರೀತಿ ಗೊತ್ತಾದರೆ ಆ ಮಾತು ಯಾಕೆ ಸುಳ್ಳು ಅಂತ ತಿಳಿಯುತ್ತದೆ. 2013ರ ಸಿಲ್ವರ್ ಈಗಲ್ ಒತ್ತಿದ್ದು ವೆಸ್ಟ್ ಪಾಯಿಂಟ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮಾರಾಟ ಶುರುವಾಗಿದ್ದು ಜನವರಿ 7ಕ್ಕೆ. ಮೊದಲ ದಿನವೇ ಸುಮಾರು 39 ಲಕ್ಷ ನಾಣ್ಯ ಹೋದವು. ಅಷ್ಟನ್ನೂ ಅವತ್ತೇ ಒತ್ತೋಕೆ ಆಗುತ್ತಾ? ಹಿಂದಿನ ವರ್ಷದ ಕೊನೆಯಿಂದಲೇ ಒತ್ತಿ ಕೂಡಿಟ್ಟಿರುತ್ತಾರೆ. ಕೆಲಸ ನಡೆಯೋದು ಹಲವು ಯಂತ್ರಗಳಲ್ಲಿ. ಒಂದರ ಅಚ್ಚು ಸವೆದರೆ ಹೊಸದು ಹಾಕುತ್ತಾರೆ. ಇದು ಜನವರಿಯಲ್ಲೂ ನಡೆಯುತ್ತದೆ, ಆಗಸ್ಟ್‌ನಲ್ಲೂ ನಡೆಯುತ್ತದೆ. ಹಾಗಾಗಿ ಆಗಸ್ಟ್‌ನ ಒಂದು ನಾಣ್ಯ ಹೊಚ್ಚಹೊಸ ಅಚ್ಚಿನದ್ದಾಗಿರಬಹುದು, ಅರ್ಲಿ ರಿಲೀಸಸ್‌ನ ನಾಣ್ಯ ಸವೆದ ಅಚ್ಚಿನ ಕಡೇ ನಾಣ್ಯ ಆಗಿರಬಹುದು. ಒತ್ತಿದ ಮೇಲೆ 20ರಂತೆ ಟ್ಯೂಬಿಗೆ ತುಂಬಿ, 25 ಟ್ಯೂಬ್ ಸೇರಿಸಿ 500 ನಾಣ್ಯದ ಹಸಿರು ಪೆಟ್ಟಿಗೆ ಮಾಡಿ ಪೇರಿಸಿಡುತ್ತಾರೆ. ಯಾವುದು ಮೊದಲು ಒತ್ತಿದ್ದು ಅನ್ನುವ ಲೆಕ್ಕ ತಾವು ಇಡುವುದಿಲ್ಲ ಅಂತ ಅಮೆರಿಕದ ಟಂಕಸಾಲೆಯೇ ಹೇಳಿದೆ.

ನಮ್ಮ ಮದುವೆ ಕಾಗದ ನೆನಪಿಸಿಕೊಳ್ಳಿ. ಪ್ರೆಸ್ಸಿನಿಂದ ಐದುನೂರು ಕಾಗದ ಬರುತ್ತವೆ. ಪಕ್ಕದ ಬೀದಿಯ ಸೋದರತ್ತೆಗೆ ಅವತ್ತೇ ಕೈಗೆ ಸಿಗುತ್ತದೆ, ದೂರದೂರಿನ ದೊಡ್ಡಪ್ಪನಿಗೆ ವಾರದ ಮೇಲೆ ಅಂಚೆಯಲ್ಲಿ ಹೋಗುತ್ತದೆ. ಅತ್ತೆಗೆ ಸಿಕ್ಕಿದ್ದೇ ಮೊದಲು ಅಚ್ಚಾದ ಕಾಗದ ಅಂತ ಯಾರಾದರೂ ಹೇಳುತ್ತಾರಾ?

ಇನ್ನು ಸಂಖ್ಯೆಯ ವಿಷಯ. 2013ರ ಜನವರಿ ಒಂದೇ ತಿಂಗಳಲ್ಲಿ ಸುಮಾರು 75 ಲಕ್ಷ ಸಿಲ್ವರ್ ಈಗಲ್ ಮಾರಾಟ ಆದವು. ಎಷ್ಟು ಬೇಡಿಕೆ ಇತ್ತೆಂದರೆ ಮಧ್ಯದಲ್ಲಿ ಕೆಲವು ದಿನ ಮಾರಾಟವನ್ನೇ ನಿಲ್ಲಿಸಿದ್ದರು. ಇಡೀ ವರ್ಷಕ್ಕೆ 4 ಕೋಟಿ 26 ಲಕ್ಷ ದಾಟಿತು. ಆ ಮೊದಲ ತಿಂಗಳ ನಾಣ್ಯಗಳಲ್ಲಿ ಸಮಯಕ್ಕೆ ಸರಿಯಾಗಿ ಕಳಿಸಿದ್ದಿದ್ದರೆ ಯಾವುದಕ್ಕೆ ಬೇಕಾದರೂ ಈ ಲೇಬಲ್ ಸಿಗುತ್ತಿತ್ತು. ಲೇಬಲ್‌ಗೆ ಬೇರೆ ಶುಲ್ಕ ಕಟ್ಟಬೇಕು. ಅದೇ ದಿನ, ಅದೇ ಪೆಟ್ಟಿಗೆಯಿಂದ ಬಂದ ಎರಡು ನಾಣ್ಯಗಳಲ್ಲಿ ಒಂದಕ್ಕೆ ಶುಲ್ಕ ಕಟ್ಟಿದರೆ ಅದು ಅರ್ಲಿ ರಿಲೀಸಸ್, ಕಟ್ಟದಿದ್ದರೆ ಇನ್ನೊಂದು ಸಾದಾ. ಇದು ಗೊತ್ತಾದಾಗ ನನಗೆ ತುಂಬಾ ಸಂಕಟ ಆಯಿತು. ಮಗಳು ಹುಟ್ಟಿದ ತಿಂಗಳ ವಿಶೇಷ ನಾಣ್ಯ ಅಂತ ನಾನು ಕೂಡಿಟ್ಟಿದ್ದು 75 ಲಕ್ಷದ ಗುಂಪಿನಲ್ಲಿ ಹತ್ತನ್ನ.

ಮಾರುವವರು ಇನ್ನೊಂದು ಲೆಕ್ಕ ತೋರಿಸುತ್ತಾರೆ, ಅದರ ಬಗ್ಗೆ ಹುಷಾರು. “ಈ ಲೇಬಲ್, ಈ ಗ್ರೇಡ್, ಈ ಸಹಿ ಇರೋದು ಜಗತ್ತಿನಲ್ಲಿ ಇಷ್ಟೇ” ಅಂತಾರೆ. ಕಂಪನಿಗಳ ಎಣಿಕೆ ಪಟ್ಟಿಯಲ್ಲಿ ಹಾಗೇ ಕಾಣಿಸುತ್ತದೆ ಕೂಡ. ಆದರೆ ಒಂದೇ ಥರದ ನಾಣ್ಯಗಳನ್ನು ಸಾದಾ, ಅರ್ಲಿ, ಫಸ್ಟ್, ಮೊದಲ ದಿನದ್ದು, ಬಾವುಟದ ಲೇಬಲ್, ಹೆಸರಾದವರ ಸಹಿ ಇರೋ ಲೇಬಲ್ ಅಂತ ಹಂಚುತ್ತಾ ಹೋದರೆ ಒಂದೊಂದು ಸಾಲಿನ ಸಂಖ್ಯೆಯೂ ಸಣ್ಣದಾಗಲೇಬೇಕು. ಕಡಿಮೆ ಆಗಿದ್ದು ಕಾಗದ, ನಾಣ್ಯ ಅಲ್ಲ. ಅದರ ಮೇಲೆ ಎಂಎಸ್70 ಅನ್ನೋ ಅಂಕವೂ ಈಗಿನ ಸಿಲ್ವರ್ ಈಗಲ್‌ಗಳಲ್ಲಿ ಅಪರೂಪ ಅಲ್ಲ. ದೊಡ್ಡ ವ್ಯಾಪಾರಿಗಳು ಸಾವಿರಗಟ್ಟಲೆ ಕಳಿಸುತ್ತಾರೆ, ಸಾವಿರಗಟ್ಟಲೆ 69 ಮತ್ತು 70 ವಾಪಸ್ ಬರುತ್ತವೆ.

ಎಲ್ಲ ಲೇಬಲ್ಲೂ ಬರೀ ಕಾಗದ ಅಂತ ಹೇಳಿದರೆ ಅದೂ ತಪ್ಪಾಗುತ್ತದೆ. 2015ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೀ 79,640 ಸಿಲ್ವರ್ ಈಗಲ್ ಒತ್ತಿದರು. ಆ ವರ್ಷದ ಒಟ್ಟು 4 ಕೋಟಿ 70 ಲಕ್ಷ. ನಾಣ್ಯದ ಮೇಲೆ ಟಂಕಸಾಲೆಯ ಗುರುತು ಇಲ್ಲ. ಸೀಲ್ ಒಡೆಯದ ಪೆಟ್ಟಿಗೆಯ ಮೇಲಿನ ನಂಬರಿನಿಂದಲೇ ಗುರುತು ಹಿಡಿಯಬೇಕು. ಅಲ್ಲಿ ಲೇಬಲ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ, ಅದಕ್ಕೆ ಬೆಲೆ ಇದೆ ಅಂದರೆ ನನಗೆ ಅರ್ಥ ಆಗುತ್ತದೆ. ಹಾಗೇ 1878ರಿಂದ ಬಂದ ಹಳೇ ಮಾರ್ಗನ್ ಡಾಲರ್‌ಗಳಲ್ಲಿ ಹೊಸ ಅಚ್ಚಿನಿಂದ ಒತ್ತಿದವು ಕನ್ನಡಿ ಥರ ಹೊಳೆಯುತ್ತವೆ. ಆ ಅಂಗಡಿಯವರು ಒಂದನ್ನು ತಂದು ಪೇಪರ್ ಮುಂದೆ ಹಿಡಿದರು, ಅಕ್ಷರಗಳು ನಾಣ್ಯದಲ್ಲಿ ಉಲ್ಟಾ ಕಂಡವು. ಲೇಬಲ್ ಮುಚ್ಚಿದರೂ ಆ ಹೊಳಪು ಅಲ್ಲೇ ಇತ್ತು. ಮೊದಲು ಒತ್ತಿದ್ದು ಅನ್ನೋ ಮಾತಿಗೆ ಹಾಗೆ ಒಂದು ಅರ್ಥ ಇದೆ, ಅದು ಬೆಳ್ಳಿಯ ಮೇಲೇ ಕಾಣುತ್ತದೆ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಅವತ್ತಿನ ಬೆಳ್ಳಿ ರೇಟು ನೋಡು. ಆಮೇಲೆ ಅದೇ ವರ್ಷ, ಅದೇ ಗ್ರೇಡಿನ ಸಾದಾ ಲೇಬಲ್ ನಾಣ್ಯ ಎಷ್ಟಕ್ಕೆ ಮಾರಾಟ ಆಗಿದೆ ಅಂತ ಹುಡುಕು. ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡ, ಇಬೇ ಥರದ ಕಡೆ ನಿಜವಾಗಿ ಮಾರಾಟವಾಗಿ ಮುಗಿದ ಬೆಲೆ ನೋಡು, ಎರಡಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ. ಎರಡು ಲೇಬಲ್‌ಗಳ ನಡುವೆ ಎರಡು ಮೂರು ಡಾಲರ್ ಹೆಚ್ಚುಕಮ್ಮಿ ಆದರೆ, ಇಷ್ಟ ಇದ್ದರೆ ತಗೋ. ಅದಕ್ಕಿಂತ ಜಾಸ್ತಿ ಕೇಳಿದರೆ ಬಿಡು. ಲೇಬಲ್ ಮೇಲಿನ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ನೋಡು, ನಕಲಿ ಡಬ್ಬಿಗಳೂ ಇವೆ. ಮಾರುವವರನ್ನೇ ನೇರವಾಗಿ ಕೇಳು: ನಾಳೆ ನಾನು ಇದನ್ನೇ ವಾಪಸ್ ತಂದರೆ ಎಷ್ಟು ಕೊಡ್ತೀರಿ? ಬರೆದು ಕೊಡ್ತೀರಾ? ನಾನು ಈ ಪ್ರಶ್ನೆಯನ್ನು ಹತ್ತು ವರ್ಷ ತಡವಾಗಿ ಕೇಳಿದೆ.

ಬೆಳ್ಳಿ ರೇಟು ಏರಿದೆಯಲ್ಲ, ಈಗ ನಿಮಗೆ ಲಾಭವೇ ಅಲ್ವಾ ಅಂತ ಅವನು ಕೇಳಿದ. ಆ ಏರಿಕೆ ಬೆಳ್ಳಿಯದು. 35 ಡಾಲರಿನ ಸಾದಾ ನಾಣ್ಯಕ್ಕೂ ಅಷ್ಟೇ ಏರುತ್ತದೆ. 1,390 ಡಾಲರಿಗೆ ಅವತ್ತು ನನಗೆ ಅಂಥ 39 ನಾಣ್ಯ ಬರುತ್ತಿತ್ತು. ಮಗಳ ಹೆಸರಲ್ಲಿ ಇರೋದು ಹತ್ತು.

ಅವತ್ತು ಅಂಗಡಿಯಲ್ಲಿ ಮಾರಲಿಲ್ಲ. ಪಿಟೀಲಿಗೆ ಬೇರೆ ದುಡ್ಡು ಹೊಂದಿಸಿದೆವು. ಅಮ್ಮನಿಗೆ ಈ ಕಥೆ ಇನ್ನೂ ಹೇಳಿಲ್ಲ, ಅವರು ತಂದ ಒಳಲೆಯ ಪಕ್ಕದಲ್ಲೇ ಹತ್ತೂ ಡಬ್ಬಿ ಇವೆ. ಅಕ್ಕನ ಮಗ ನಿನ್ನೆ ಮೆಸೇಜ್ ಮಾಡಿದ್ದ. ಅವನು ಹುಡುಕಿ ನೋಡಿದ ಸಾದಾ ಲೇಬಲ್‌ನ ಬೆಲೆ, ಅವನಿಗೆ ಹೇಳಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆ ಇತ್ತಂತೆ. ಫ್ರೆಂಡಿಗೆ ಬೇಡ ಅಂತ ಹೇಳಿದ್ದಾನೆ.