ಪುಡಿ, ದ್ರವ, ಬಾಟಲಿ: ಭತ್ತದ ಬುಡಕ್ಕೆ ನಾನು ಹೊಡೆದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಭತ್ತದ ಬುಡಕ್ಕೆ ಮಚ್ಚೆ ಹತ್ತಿಸುವ ಶಿಲೀಂಧ್ರ ರೋಗಕ್ಕೆ (ಶೀತ್ ಬ್ಲೈಟ್) ನನ್ನ ಓಟು ವ್ಯಾಲಿಡಾಮೈಸಿನ್ ಅನ್ನುವ ಔಷಧಿಯ ಬಾಟಲಿಗೆ. ಎರಡು ಮಳೆಗಾಲ, ಸ್ಪ್ರೇಯರಿನ ಒಂದು ನಾಝಲ್, ಅಪ್ಪನ ಒಂದು ಹಳೇ ಪಂಚೆ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ನಮ್ಮದು ಮಲೇಬೆನ್ನೂರು ಕಡೆ ಎರಡು ಎಕರೆ ಗದ್ದೆ, ಭದ್ರಾ ಚಾನೆಲ್ ನೀರು. ನಾನಿರುವುದು ದಾವಣಗೆರೆಯಲ್ಲಿ, ಕೆಲಸವೂ ಅಲ್ಲೇ. ಗದ್ದೆಯ ಮುಖ ನೋಡುವುದು ಭಾನುವಾರ ಮಾತ್ರ. ದಿನಾ ಗದ್ದೆಗೆ ಹೋಗುವವರಿಗೆ ನನ್ನ ಲೆಕ್ಕ ತಾಳೆಯಾಗದೇ ಇರಬಹುದು.

ಹೋದ ವರ್ಷದ ಹಿಂದಿನ ವರ್ಷ ನಾಟಿ ಮಾಡಿ ಐವತ್ತು ದಿನ ಆಗಿತ್ತು. ತೆಂಡೆ (ಬುಡದಿಂದ ಒಡೆಯುವ ಕವಲು) ಒತ್ತಾಗಿ ಬಂದಿತ್ತು, ಯೂರಿಯಾ ಸ್ವಲ್ಪ ಜಾಸ್ತಿನೇ ಬಿದ್ದಿತ್ತು. ಬುಡ ಬಿಡಿಸಿ ನೋಡಿದರೆ ನೀರಿನ ಮಟ್ಟದಿಂದ ಒಂದೆರಡು ಬೆರಳು ಮೇಲೆ ಬೂದು ಬಣ್ಣದ ಉದ್ದನೆ ಮಚ್ಚೆ, ಸುತ್ತ ಕಂದು ಅಂಚು. ಹಾವಿನ ಪೊರೆ ಸುತ್ತಿದ ಹಾಗೆ. ರೈಜೋಕ್ಟೋನಿಯಾ ಅನ್ನುವ ಶಿಲೀಂಧ್ರದ ಕೆಲಸ. ಇದರ ಗಟ್ಟಿ ಕಾಳುಗಳು ಮಣ್ಣಲ್ಲೇ ಬಿದ್ದಿರುತ್ತವೆ, ನೀರು ಬಿಟ್ಟಾಗ ತೇಲಿ ಬಂದು ಬುಡಕ್ಕೆ ಅಂಟಿಕೊಳ್ಳುತ್ತವೆ.

ಇದಕ್ಕೆ ಅಂಗಡಿಯಲ್ಲಿ ನನಗೆ ಸಿಕ್ಕ ಮೂರೂ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ ಬಂದವು. ವ್ಯತ್ಯಾಸ ಇಷ್ಟೇ: ಎರಡರಲ್ಲಿ ಬ್ಯಾಕ್ಟೀರಿಯಾ ಜೀವಂತ ಇರುತ್ತದೆ, ಒಂದರಲ್ಲಿ ಅದು ಮಾಡಿಕೊಟ್ಟ ವಸ್ತು ಮಾತ್ರ. ಸ್ಯೂಡೋಮೊನಾಸ್ ಪುಡಿ, ಬ್ಯಾಸಿಲಸ್ ದ್ರವ ಅಂದರೆ ಬೆಣ್ಣೆ ದೋಸೆ ಭಟ್ಟರನ್ನೇ ಮನೆಗೆ ಕರೆದುಕೊಂಡು ಬಂದ ಹಾಗೆ. ವ್ಯಾಲಿಡಾಮೈಸಿನ್ ಅಂದರೆ ದೋಸೆ ಪಾರ್ಸಲ್. ಭಟ್ಟರಿಗೆ ಒಲೆ, ಕಾವಲಿ, ಹಿಟ್ಟು ಎಲ್ಲ ಸರಿ ಇರಬೇಕು. ಇಲ್ಲದಿದ್ದರೆ ಸುಮ್ನೆ ಕೂತು ಎದ್ದು ಹೋಗುತ್ತಾರೆ.

ನಾನು ಮೊದಲು ಕರೆದದ್ದು ಭಟ್ಟರನ್ನೇ, ಅಂದರೆ ಸ್ಯೂಡೋಮೊನಾಸ್ ಪುಡಿ. ಎಕರೆಗೆ 200 ಲೀಟರ್ ನೀರು, ಲೀಟರಿಗೆ 10 ಗ್ರಾಂ, ಅಂದರೆ ಎಕರೆಗೆ 2 ಕೆಜಿ ಪುಡಿ. ಟ್ಯಾಂಕಿಗೆ ನೇರ ಸುರಿದೆ. ಮೂರು ಸಾಲು ನಡೆಯುವಷ್ಟರಲ್ಲಿ ನಾಝಲ್ ಕಟ್ಟಿತು. ಆ ಪುಡಿಯಲ್ಲಿ ಬಹುಪಾಲು ಟಾಲ್ಕ್, ಮುಖಕ್ಕೆ ಹಚ್ಚುವ ಪೌಡರಿನ ಅದೇ ಕಲ್ಲುಪುಡಿ. ಅದು ನೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ನಾಝಲ್ ಬಿಚ್ಚಿ ತೆಂಗಿನ ಗರಿ ಕಡ್ಡಿಯಿಂದ ಚುಚ್ಚಿದೆ. ಇನ್ನೆರಡು ಸಾಲು, ಮತ್ತೆ ಕಟ್ಟಿತು. ಕಡ್ಡಿ ಒಳಗೇ ಮುರಿಯಿತು.

ಮುಂದಿನ ಭಾನುವಾರ ಜಾಣನಾಗಿ ಹೋದೆ. ಬಕೆಟ್‌ನಲ್ಲಿ ಪುಡಿ ಕಲಸಿ, ಅಪ್ಪನ ಪಂಚೆ ಎರಡು ಮಡಿಕೆ ಮಾಡಿ ಸೋಸಿದೆ. ಒಂದು ಟ್ಯಾಂಕಿಗೆ ಹದಿನೈದು ನಿಮಿಷ. ಎಕರೆಗೆ ಹನ್ನೆರಡು ಹದಿಮೂರು ಟ್ಯಾಂಕು ಅಂದರೆ ಲೆಕ್ಕ ನೀವೇ ಹಾಕಿ. ಪಂಚೆಯಲ್ಲಿ ಬಿಳಿ ಗಸಿ ಉಳಿದಾಗಲೆಲ್ಲ ಅನುಮಾನ: ಬ್ಯಾಕ್ಟೀರಿಯಾ ಟ್ಯಾಂಕಿಗೆ ಹೋಯಿತೋ, ಗಸಿಯಲ್ಲೇ ಉಳಿಯಿತೋ? ಕೆಲಸ ಮುಗಿದಾಗ ಮಧ್ಯಾಹ್ನ ಎರಡು. ಸ್ಯೂಡೋಮೊನಾಸ್‌ಗೆ ಬಿಸಿಲು, ಒಣಹವೆ ಆಗಿಬರುವುದಿಲ್ಲ. ಸಂಜೆ ಹೊಡೆಯಬೇಕು. ನನಗೆ ಸಂಜೆ ಬಸ್ಸು ಹಿಡಿಯಬೇಕು.

ಮನೆಗೆ ಬಂದು ಪ್ಯಾಕೆಟ್ ತಿರುಗಿಸಿ ನೋಡಿದೆ. ತಯಾರಾಗಿ ಏಳು ತಿಂಗಳು. ಅಂಗಡಿಯಲ್ಲಿ ಅದು ಇದ್ದದ್ದು ತಗಡಿನ ಮಾಡಿನ ಕೆಳಗೆ, ಏಪ್ರಿಲ್ ಮೇ ಪೂರ್ತಿ. ಈ ಬ್ಯಾಕ್ಟೀರಿಯಾ ಬೀಜಕಣ (ಕಷ್ಟಕಾಲ ತಡೆದುಕೊಳ್ಳುವ ಗಟ್ಟಿ ಕಣ) ಕಟ್ಟುವುದಿಲ್ಲ, ಬಿಸಿಗೆ ಬೇಗ ಸಾಯುತ್ತದೆ. ಅಂದರೆ ನಾನು ಪಂಚೆ ಹಿಡಿದು ಸೋಸಿದ್ದು ಬರೀ ಪೌಡರ್ ಇರಬೇಕು! ಮಚ್ಚೆ ಮೇಲಿನ ಎಲೆವರೆಗೂ ಹತ್ತಿತು.

ಪುಡಿಯನ್ನು ಪೂರ್ತಿ ಬೈಯಲಾರೆ. ಬೇರಿನ ಮೇಲೆ ನೆಲೆಯೂರಿದರೆ ಫ್ಲೋರೊಗ್ಲುಸಿನಾಲ್, ಫೆನಜಿನ್ ಜಾತಿಯ ವಸ್ತುಗಳನ್ನು ತಾನೇ ತಯಾರಿಸಿ ಶಿಲೀಂಧ್ರವನ್ನು ದೂರ ಇಡುತ್ತದೆ. ಬೀಜಕ್ಕೆ ಕೆಜಿಗೆ 10 ಗ್ರಾಂ ಹಚ್ಚುವುದಕ್ಕೆ ಈಗಲೂ ತರುತ್ತೇನೆ, ತಾರೀಖು ನೋಡಿ.

ಬ್ಯಾಸಿಲಸ್ ಸಬ್ಟಿಲಿಸ್ ದ್ರವ ಹೊಡೆಯಲು ಸಲೀಸು. ಬೀಜಕಣ ಕಟ್ಟುವುದರಿಂದ ಶೆಲ್ಫಿನಲ್ಲಿ ತಡೆಯುತ್ತದೆ. ಇಟುರಿನ್, ಫೆಂಜಿಸಿನ್ ಅಂತ ಸಾಬೂನಿನಂಥ ವಸ್ತು ಮಾಡಿ ಶಿಲೀಂಧ್ರದ ಪೊರೆಗೇ ತೂತು ಹಾಕುತ್ತದೆ. ನಾನು ಒಂದೇ ಸಲ, ಅರ್ಧ ಎಕರೆಗೆ ಹೊಡೆದೆ. ಅವತ್ತೇ ರಾತ್ರಿ ಜೋರು ಮಳೆ. ಅಷ್ಟಕ್ಕೇ ಮಾರ್ಕ್ಸ್ ಕೊಡುವುದು ಅನ್ಯಾಯ.

ಇನ್ನು ವ್ಯಾಲಿಡಾಮೈಸಿನ್ ಬಾಟಲಿ. ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾದ ಕೈಕೆಲಸ. ಮೊದಲ ಮಳೆಗೆ ಮಣ್ಣು ಘಮ್ಮನ್ನುತ್ತದಲ್ವಾ, ಅದೂ ಹೆಚ್ಚಾಗಿ ಇದೇ ಕುಲದ್ದು. ಜಪಾನಿನವರು ವ್ಯಾಲಿಡಾಮೈಸಿನ್ ಅನ್ನು 1970ರ ದಶಕದ ಶುರುವಿನಲ್ಲೇ ಭತ್ತಕ್ಕೆ ತಂದರು. ಶೇ. 3ರ ದ್ರವ, ಲೀಟರಿಗೆ 2 ಮಿಲಿ, ಎಕರೆಗೆ 400 ಮಿಲಿ. ಅಳತೆ ಮುಚ್ಚಳ, ನೀರು, ಮುಗಿಯಿತು. ಗದ್ದೆಯ ನೀರು ತೆಗೆದು ನಾಝಲ್ ಬುಡಕ್ಕೆ ಹಿಡಿಯಬೇಕು, ಅಷ್ಟೇ.

ಹೊಡೆದ ವಾರ ಹೋಗಿ ನೋಡಿದಾಗ ಮಚ್ಚೆ ಹಾಗೇ ಇತ್ತು, ಸಿಟ್ಟು ಬಂತು. ಆಮೇಲೆ ಓದಿ ತಿಳಿಯಿತು: ಇದು ಶಿಲೀಂಧ್ರವನ್ನು ನೇರ ಕೊಲ್ಲುವುದಿಲ್ಲ. ಶಿಲೀಂಧ್ರ ಟ್ರೆಹಲೋಸ್ ಅನ್ನುವ ಸಕ್ಕರೆ ಕೂಡಿಟ್ಟುಕೊಂಡಿರುತ್ತದೆ. ಅದನ್ನು ಒಡೆಯುವ ಕಿಣ್ವಕ್ಕೇ ಇದು ಬೀಗ ಹಾಕುತ್ತದೆ. ಬುತ್ತಿ ಇದೆ, ಬಿಚ್ಚಲು ಆಗುವುದಿಲ್ಲ. ಶಿಲೀಂಧ್ರದ ನೂಲಿನ ತುದಿ ಬೆಳೆಯದೆ ಅಡ್ಡಾದಿಡ್ಡಿ ಕವಲೊಡೆದು ನಿಲ್ಲುತ್ತದೆ. ಹತ್ತು ಬುಡ ಆರಿಸಿ, ಮೇಲಿನ ಮಚ್ಚೆ ಇದ್ದಲ್ಲಿ ಕೆಂಪು ದಾರ ಕಟ್ಟಿ ಬಂದೆ. ಮುಂದಿನ ಭಾನುವಾರ ಎಂಟು ಬುಡದಲ್ಲಿ ದಾರಕ್ಕಿಂತ ಮೇಲೆ ಹೊಸ ಮಚ್ಚೆ ಇರಲಿಲ್ಲ.

ಪಕ್ಕದ ಗದ್ದೆಯವರು ಇದನ್ನೇ ಬೆಂಕಿ ರೋಗಕ್ಕೂ (ಭತ್ತದ ಇನ್ನೊಂದು ಶಿಲೀಂಧ್ರ ರೋಗ) ಹೊಡೆಯಲು ಹೊರಟಿದ್ದರು, ಬೇಡ ಅಂದೆ. ಬೆಂಕಿ ರೋಗಕ್ಕಿರುವುದು ಕಸುಗಮೈಸಿನ್. ಜಪಾನಿನ ನಾರಾದ ಕಸುಗ ದೇವಸ್ಥಾನದ ಮಣ್ಣಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು.

ಖರ್ಚಿಗೆ ಬಂದರೆ, ಅರ್ಧ ಲೀಟರಿನ ಒಂದು ಬಾಟಲಿಗೆ ನಾನು ಕೊಟ್ಟದ್ದು ಎಕರೆಗೆ ಬೇಕಾದ ಎರಡು ಕೆಜಿ ಪುಡಿಗಿಂತ ಕಮ್ಮಿ. ಅದೂ ಪಂಚೆಯ ದುಡ್ಡು ಸೇರಿಸದೆ. ಯೂರಿಯಾ ಕೈ ಬಿಗಿ ಮಾಡಿದ್ದೇನೆ, ನಾಟಿಯೂ ಈ ಸಲ ಸ್ವಲ್ಪ ಬಿಡಿಬಿಡಿ. ಉಳಿದಿದ್ದ ಹಳೇ ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ ತೆಂಗಿನ ಬುಡಕ್ಕೆ ಹಾಕಿಬಿಟ್ಟೆ. ಅಲ್ಲಿ ನಾಝಲ್ ಕಾಟ ಇಲ್ಲ.